ಕೋಟೆ ಬಿದ್ದ ಮೇಲೆ ಏನು? ಕಿತ್ತೂರು, ನರಗುಂದ ಮತ್ತು ಇಂದಿನ ಲೆಕ್ಕ

ಸಶಸ್ತ್ರ ಬಂಡಾಯದ ಸುದ್ದಿ ಬಂದಾಗಲೆಲ್ಲ ನಮ್ಮ ಕಣ್ಣು ಮೊದಲು ಹೋಗುವುದು ಸಂಖ್ಯೆಯ ಕಡೆಗೆ. ಹತರಾದವರು ಎಷ್ಟು, ಶರಣಾದವರು ಎಷ್ಟು? ಛತ್ತೀಸಗಢದಲ್ಲಿ 2024ನೇ ವರ್ಷವೊಂದರಲ್ಲೇ 200ಕ್ಕೂ ಹೆಚ್ಚು ಮಾವೋವಾದಿಗಳು ಹತರಾದರು. 2025ರ ಜನವರಿ 6ರಂದು ಅದೇ ರಾಜ್ಯದ ಬಿಜಾಪುರ ಜಿಲ್ಲೆಯಲ್ಲಿ ನೆಲಬಾಂಬ್ ಸ್ಫೋಟಕ್ಕೆ 8 ಯೋಧರೂ ಅವರ ವಾಹನದ ಚಾಲಕನೂ ಬಲಿಯಾದರು. ಮೇ 21ರಂದು ಮಾವೋವಾದಿ ಪಕ್ಷದ ಪ್ರಧಾನ ಕಾರ್ಯದರ್ಶಿ ನಂಬಾಲ ಕೇಶವರಾವ್ ಗುಂಡಿಗೆ ಬಲಿಯಾದರು. 2026ರ ಮಾರ್ಚ್ 31ರೊಳಗೆ ನಕ್ಸಲ್ ಚಳವಳಿಯನ್ನು ಮುಗಿಸುವುದಾಗಿ ಕೇಂದ್ರ ಸರ್ಕಾರ ಗಡುವು ಹಾಕಿಕೊಂಡಿತ್ತು.

ಆದರೆ ಹೆಣಗಳ ಲೆಕ್ಕದಿಂದ ಗೆಲುವನ್ನು ಅಳೆಯಬಹುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಘಟ್ಟದ ಮೇಲಿನ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಬ್ರಿಟಿಷರು ಎರಡು ಬಂಡಾಯಗಳನ್ನು ಅಡಗಿಸಿದರು. ಅವೆರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು ಕಿತ್ತೂರು. 1824ರಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜರು ಗಂಡುಸಂತಾನವಿಲ್ಲದೆ ತೀರಿಕೊಂಡರು. ದತ್ತು ಮಗನನ್ನು ವಾರಸುದಾರನೆಂದು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆ ನಿರಾಕರಿಸಿದ. ಅಕ್ಟೋಬರ್‌ನಲ್ಲಿ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆಯೇ ಸತ್ತ. ಅವನೊಂದಿಗೆ ಬ್ಲ್ಯಾಕ್, ಸಿವೆಲ್, ಡೈಟನ್ ಎಂಬ ಮೂವರು ಸೇನಾಧಿಕಾರಿಗಳೂ ಬಿದ್ದರು. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದಾಗ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಕೂಡ ಪ್ರಾಣ ಕಳೆದುಕೊಂಡ. ಕೋಟೆ ಮಾತ್ರ ಬ್ರಿಟಿಷರ ವಶವಾಯಿತು. ರಾಣಿ ಚನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದರು.

ಲೆಕ್ಕದ ಪುಸ್ತಕದಲ್ಲಿ ಇದು ಪೂರ್ಣ ಗೆಲುವು. ನೆಲದ ಮೇಲೆ ಹಾಗಿರಲಿಲ್ಲ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನ ಜಮೀನು ಮುಟ್ಟುಗೋಲಾಗಿತ್ತು, ಉಳಿದದ್ದಕ್ಕೆ ಭಾರೀ ಕಂದಾಯ ಬಿದ್ದಿತ್ತು. 1829-30ರಲ್ಲಿ ಅವನು ಕಾಡು ಸೇರಿ ಸರ್ಕಾರಿ ಕಚೇರಿಗಳನ್ನೂ ಖಜಾನೆಗಳನ್ನೂ ಗುರಿಯಾಗಿಸಿಕೊಂಡ. ದಫ್ತರಗಳು ಸುಟ್ಟು ಬೂದಿಯಾದವು. ರೈತನ ಸಿಟ್ಟು ಎಲ್ಲಿತ್ತು ಎಂಬುದನ್ನು ಆ ಬೂದಿಯೇ ಹೇಳುತ್ತದೆ. ಬಯಲು ಯುದ್ಧದಲ್ಲಿ ಅವನನ್ನು ಹಿಡಿಯಲಾಗದ ಕಂಪನಿ, ಊರವರಲ್ಲೇ ಕೆಲವರನ್ನು ಒಲಿಸಿಕೊಂಡು 1830ರ ಏಪ್ರಿಲ್‌ನಲ್ಲಿ ಸೆರೆಹಿಡಿಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿತು.

ಎರಡನೆಯದು 1857-58ರದ್ದು. ಈ ನಡುವೆ ಇನಾಂ ಕಮಿಷನ್ ಬಂದು ಹಲವರ ಇನಾಂ ಭೂಮಿಗಳನ್ನು ಕಿತ್ತುಕೊಂಡಿತ್ತು. ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿದ ಮುಧೋಳ ಸೀಮೆಯ ಹಲಗಲಿ ಬೇಡರ ಮೇಲೆ 1857ರ ನವೆಂಬರ್‌ನಲ್ಲಿ ದಾಳಿಯಾಯಿತು. ಸೆರೆಸಿಕ್ಕವರಲ್ಲಿ 19 ಮಂದಿಗೆ ಗಲ್ಲು. ಸವದತ್ತಿಯ ಪೂರ್ವಕ್ಕಿರುವ ನರಗುಂದದಲ್ಲಿ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರಿಗೆ ದತ್ತು ಸ್ವೀಕರಿಸಲು ಅನುಮತಿ ಸಿಕ್ಕಿರಲಿಲ್ಲ. ಕಿತ್ತೂರಿನ ತಪ್ಪು ಮತ್ತೊಮ್ಮೆ! 1858ರ ಮೇ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ರಾಮದುರ್ಗದ ಬಳಿಯ ಸುರೇಬಾನದಲ್ಲಿ ರಾತ್ರಿ ಹತನಾದ. ಕೆಲವೇ ದಿನಗಳಲ್ಲಿ ನರಗುಂದದ ಕೋಟೆ ಬಿತ್ತು. ತಲೆಮರೆಸಿಕೊಂಡ ಬಾಬಾಸಾಹೇಬರು ತೊರಗಲ್ಲಿನ ಕಾಡಿನ ಬಳಿ ಸಿಕ್ಕಿಬಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು.

ಈಗ ಹೋಲಿಸಿ ನೋಡಿ. ಕಿತ್ತೂರಿನಲ್ಲಿ ಬ್ರಿಟಿಷರಿಗೆ ಹಲವು ಅಧಿಕಾರಿಗಳ ಪ್ರಾಣ ಮತ್ತು ಏಳು ವರ್ಷಗಳ ತಲೆನೋವು. ನರಗುಂದದಲ್ಲಿ ಒಬ್ಬ ಅಧಿಕಾರಿ ಸತ್ತು ಎರಡೇ ವಾರದಲ್ಲಿ ಎಲ್ಲ ಮುಗಿಯಿತು. ಹಾಗಾದರೆ ಎರಡನೆಯ ಕಾರ್ಯಾಚರಣೆ ಹೆಚ್ಚು ಸಮರ್ಥವೇ? ನಿಜವಾದ ವ್ಯತ್ಯಾಸ ಆಮೇಲೆ ನಡೆದದ್ದರಲ್ಲಿದೆ. 1824ರ ಗೆಲುವಿನ ನಂತರ ಆಳುವವರು ಏನನ್ನೂ ತಿದ್ದಿಕೊಳ್ಳಲಿಲ್ಲ. ಐದೇ ವರ್ಷಕ್ಕೆ ರಾಯಣ್ಣ ಎದ್ದ. 1858ರ ನಂತರ ಅವರು ನೀತಿಯನ್ನೇ ಬದಲಿಸಿದರು. ನವೆಂಬರ್ 1ರ ರಾಣಿಯ ಘೋಷಣೆ ಸಂಸ್ಥಾನಿಕರ ಹಕ್ಕುಗಳನ್ನು ಗೌರವಿಸುವುದಾಗಿ ಹೇಳಿತು, ಮುಂದೆ ದತ್ತಕದ ಸನದುಗಳು ಬಂದವು. ಚನ್ನಮ್ಮನವರೂ ಬಾಬಾಸಾಹೇಬರೂ ಕೇಳಿದ್ದು ಇದನ್ನೇ. ಬ್ರಿಟಿಷರಿಗೆ ನೆಮ್ಮದಿ ತಂದದ್ದು ಬರೀ ನೇಣಿನ ಹಗ್ಗವಲ್ಲ. ಕಾರಣವನ್ನು ತೆಗೆದದ್ದೂ ಹೌದು. ಆದರೆ ಆ ರಿಯಾಯಿತಿ ಸಂಸ್ಥಾನಿಕರಿಗೆ ಸಿಕ್ಕಿತೇ ಹೊರತು ಹಲಗಲಿಯ ಬೇಡರಿಗಲ್ಲ ಎಂಬುದನ್ನೂ ಮರೆಯಬಾರದು.

ಈ ಅಳತೆಗೋಲನ್ನು ನಮ್ಮ ಹತ್ತಿರಕ್ಕೇ ತರೋಣ. 2003ರಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2024ರ ನವೆಂಬರ್‌ನಲ್ಲಿ ಹೆಬ್ರಿಯ ಕಬ್ಬಿನಾಲೆ ಬಳಿ ವಿಕ್ರಂ ಗೌಡ ಹತನಾದ. ಈ ನಡುವೆ ಪೊಲೀಸರೂ ಸತ್ತಿದ್ದಾರೆ, ಮಾಹಿತಿದಾರರೆಂಬ ಶಂಕೆಗೆ ಸಿಕ್ಕ ಬಡ ಗ್ರಾಮಸ್ಥರೂ ಸತ್ತಿದ್ದಾರೆ. 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಶರಣಾದರು. ನಾಗರಿಕ ವೇದಿಕೆಯೊಂದು ಮಧ್ಯಸ್ಥಿಕೆ ವಹಿಸಿತ್ತು. ಅಂದು ಯಾವ ಮನೆಗೂ ಹೆಣ ಬರಲಿಲ್ಲ. ಸಂಖ್ಯೆಯಲ್ಲಿ ಚಿಕ್ಕದಾದರೂ ಇದು ದೊಡ್ಡ ಮುನ್ನಡೆ.

ಆದರೆ ಇದು 1824ರ ಗೆಲುವೋ, 1858ರ ಪಾಠವೋ? ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಕುಟುಂಬಗಳು ಒಕ್ಕಲೆಬ್ಬಿಸುವ ಭಯದಲ್ಲಿದ್ದಾಗಲೇ ಬಂದೂಕು ಅಲ್ಲಿಗೆ ಬಂದಿತ್ತು. ಅರಣ್ಯ ಹಕ್ಕು ಕಾಯಿದೆ 2006ರಲ್ಲೇ ಬಂದಿದೆ. ಹಕ್ಕುಪತ್ರ, ರಸ್ತೆ, ಶಾಲೆ, ಆಸ್ಪತ್ರೆ ಆ ಮನೆಗಳಿಗೆ ತಲುಪಿದರೆ ಶಾಂತಿ ಉಳಿದೀತು. ಬಂದೂಕು ಕೆಳಗಿಟ್ಟವರು ಮುಂದಿಟ್ಟ ಬೇಡಿಕೆಗಳ ಪಟ್ಟಿ ಕಡತದಲ್ಲೇ ಕೊಳೆತರೆ, ಕೋಟೆ ಬಿದ್ದ ಐದನೇ ವರ್ಷ ಸಂಗೊಳ್ಳಿಯಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಸತ್ತ ಯೋಧನ ಮನೆಯಲ್ಲೂ ಸತ್ತ ಬಂಡಾಯಗಾರನ ಮನೆಯಲ್ಲೂ ಅಳುವವಳು ತಾಯಿಯೇ. ಮುಂದಿನ ಬಾರಿ ಪತ್ರಿಕೆಯಲ್ಲಿ ಹತರಾದವರ ಸಂಖ್ಯೆ ಓದುವಾಗ ಇನ್ನೊಂದು ಸಂಖ್ಯೆಯನ್ನೂ ನಾವು ಕೇಳೋಣ: ಈ ವರ್ಷ ಎಷ್ಟು ಮನೆಗಳಿಗೆ ಹಕ್ಕುಪತ್ರ ಸಿಕ್ಕಿತು?