ತುಂಬಿದ ಮಳಿಗೆ, ಸೋರುವ ತಾರಸಿ

ವಾಣಿಜ್ಯ ಕಟ್ಟಡವೊಂದರ ಮಳಿಗೆಗಳು ಬಾಡಿಗೆದಾರರಿಲ್ಲದೆ ಬೀಗ ಹಾಕಿಕೊಂಡಿದ್ದರೆ, ವ್ಯಾಪಾರ ಕುಗ್ಗಿತೆಂದೋ ಪೇಟೆಯೇ ಬೇರೆ ದಿಕ್ಕಿಗೆ ಸರಿಯಿತೆಂದೋ ಮಾಲೀಕರು ಹೇಳುವುದುಂಟು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎದುರು ಸಾಲಿನ ಕಟ್ಟಡಗಳೆಲ್ಲ ತುಂಬಿದ್ದು ಇದೊಂದೇ ಬರಿದಾಗಿದ್ದರೆ, ಕಾರಣವನ್ನು ಅದರ ಮೆಟ್ಟಿಲ ಮೇಲೆಯೇ ಹುಡುಕುವುದು ಯುಕ್ತ. ಲಿಫ್ಟು ಕೆಟ್ಟು ನಿಂತಾಗ ಮೊದಲು ಖಾಲಿಯಾಗುವುದು ಮೇಲಿನ ಅಂತಸ್ತು: ಮಂಡಿನೋವಿನ ರೋಗಿಗಳು ಹತ್ತಿ ಬರಲಾರರೆಂದು ವೈದ್ಯರು ಬಿಡುತ್ತಾರೆ, ಅವರನ್ನೇ ನಂಬಿದ್ದ ಔಷಧದಂಗಡಿಯೂ ಬಿಡುತ್ತದೆ, ಆದಾಯ ತಗ್ಗಿದ ಮಾಲೀಕ ದುರಸ್ತಿಯನ್ನು ಮತ್ತೊಂದು ವರ್ಷ ಮುಂದೂಡುತ್ತಾನೆ, ಉಳಿದವರು, ಇನ್ನು ಮುಂಗಡದಲ್ಲೇ ಬಾಡಿಗೆ ಮುರಿದುಕೊಳ್ಳಿರೆಂದು ಹೇಳಿ ಬೇರೆ ಜಾಗ ನೋಡತೊಡಗುತ್ತಾರೆ.

ದುರಸ್ತಿಗೆ ಬದ್ಧನಾದ ಮಾಲೀಕ ತಿಳಿವಳಿಕೆ ಕೊಟ್ಟ ಮೇಲೂ ಸುಮ್ಮನಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಕಳೆಯಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣ ಹೇಳುತ್ತದೆ. ನಲ್ಲಿಗೋ ಕಿಟಕಿಗೋ ಇದು ಒದಗೀತು. ಇಪ್ಪತ್ತು ಅಂಗಡಿಗಳ ಮೇಲಿನ ಒಂದೇ ತಾರಸಿಗೆ ಒಬ್ಬ ಜವಳಿ ವ್ಯಾಪಾರಿ ಗಾರೆ ಹಾಕಿಸುವುದುಂಟೆ?

ಹಾಗೆಂದು, ತುಂಬಿದ ಕಟ್ಟಡವೆಲ್ಲ ಸುಸ್ಥಿತಿಯಲ್ಲಿದೆಯೆಂದು ತೀರ್ಮಾನಿಸುವಂತಿಲ್ಲ. ಪೌರಸಂಸ್ಥೆಗಳ ಹಳೆಯ ಮಳಿಗೆಗಳಲ್ಲಿ ಬಾಡಿಗೆ ಪೇಟೆಯ ದರಕ್ಕಿಂತ ಎಷ್ಟೋ ಕಡಿಮೆ, ಜಾಗವೋ ಊರಿನ ನಟ್ಟನಡುವೆ. ಆದಕಾರಣ ಗೋಡೆ ಬಿರಿದರೂ ವ್ಯಾಪಾರಿ ಕದಲುವುದಿಲ್ಲ. ಹಳೆಯ ಪುಸ್ತಕದಂಗಡಿಗಳಿಗೆ ಹೆಸರಾಗಿದ್ದ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅದುವರೆಗೆ ವ್ಯಾಪಾರ ನಡೆಯುತ್ತಿದ್ದ ಕಟ್ಟಡ ಅನಂತರ ಬರಿದಾಯಿತು. 2016ರ ಆಗಸ್ಟಿನಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲ ಭಾಗ ಬಿದ್ದಾಗಲಾದರೋ ಉಳಿದ ಭಾಗದಲ್ಲಿ ಹೂವು, ವೀಳ್ಯದೆಲೆ, ಬಾಳೆಹಣ್ಣುಗಳ ವ್ಯಾಪಾರ ಮುಂದುವರಿಯಿತು. ಹೀಗಿರುವಾಗ, ಎಷ್ಟು ಮಳಿಗೆ ಖಾಲಿಯೆಂಬ ಲೆಕ್ಕವು ಬಾಡಿಗೆ ಎಷ್ಟು ಅಗ್ಗವೆಂಬುದನ್ನು ತಿಳಿಸೀತೇ ಹೊರತು ಕಟ್ಟಡದ ಆರೋಗ್ಯವನ್ನು ತಿಳಿಸಲಾರದು.

ಇಂಥ ಹಳೆಯ ಕಟ್ಟಡಗಳ ಮದರಾಸು ತಾರಸಿಯನ್ನು ಬಲ್ಲವರಿಗೆ ಅವುಗಳ ಅವನತಿಯ ಕ್ರಮ ಪರಿಚಿತ. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಿಗಿದ ಆ ಮಾಡಿನ ಅಂಚಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿಯ ಸಸಿಯೊಂದು ಬೇರೂರಿದರೆ, ಬಿರುಕಿನಲ್ಲಿಳಿದ ನೀರು ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಕೆಳಗಿನ ಅಂಗಡಿಯವನ ಕಣ್ಣಿಗೆ ಬೀಳದಂತೆ ಕೊಳೆಯಿಸುತ್ತದೆ. ಬೇರು ಬಲಿಯುವ ಮುನ್ನ ಸಸಿಯನ್ನು ಕೀಳಲು ಒಬ್ಬ ಆಳಿನ ಅರ್ಧ ದಿನದ ಕೂಲಿ ಸಾಕು. ಆದರೆ ಮಳಿಗೆಗಳ ಬಾಡಿಗೆಯೆಲ್ಲ ಪೌರಸಂಸ್ಥೆಯ ಸಾಮಾನ್ಯ ನಿಧಿಗೆ ಸೇರಿ, ಅದರಲ್ಲಿ ಇಷ್ಟು ಪಾಲು ಇದೇ ತಾರಸಿಗೆಂದು ಕರಾರಿನಲ್ಲಿ ಬರೆಯದಿರುವೆಡೆ, ಆ ಕೂಲಿಗೂ ಟಿಪ್ಪಣಿ ಬರೆದು ಮಂಜೂರಾತಿಗೆ ಕಾಯಬೇಕು. ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ.