ಇದು ಯಾವೂರ ಆನೆ?

ವಾರವಿಡೀ ಕೋಡ್ ಬರೆದು ಶನಿವಾರ ಅರಸೀಕೆರೆಗೆ ಬಂದರೆ ನನಗೆ ಒಂದೇ ಕೆಲಸ, ತೈಲವರ್ಣದಲ್ಲಿ ಪ್ರಾಣಿಗಳ ಚಿತ್ರ ಬರೆಯೋದು. (ಅಮ್ಮನ ಪ್ರಕಾರ, ಮನೆಯೆಲ್ಲ ಟರ್ಪೆಂಟೈನ್ ವಾಸನೆ ಮಾಡೋದು!)

ಹೋದ ತಿಂಗಳು ನೆಟ್ಟಿನ ಫೋಟೋ ನೋಡಿ ಒಂದು ಆನೆ ಬರೆದೆ. ಹಿಂದೆ ಸೂರ್ಯಾಸ್ತ, ಚಿನ್ನದ ಬಣ್ಣದ ಹುಲ್ಲು. ಎಲ್ಲರೂ ಚೆನ್ನಾಗಿದೆ ಅಂದರು. ಬೇಲೂರು ಕಡೆ ಕಾಫಿತೋಟ ಇರೋ ಮಾವ ಮಾತ್ರ "ಇದು ಯಾವೂರ ಆನೆನೋ?" ಅಂದುಬಿಟ್ಟರು. ನೋಡ್ತೀನಿ, ಹೆಗಲು ಮುಚ್ಚುವಷ್ಟು ಅಗಲದ ಕಿವಿ, ನಡುವೆ ತಗ್ಗಾದ ಬೆನ್ನು... ಆಫ್ರಿಕಾದ್ದು :)

ಮಾರನೇ ದಿನ ಹಳೇಬೀಡಿನ ಬಸ್ಸು ಹತ್ತಿದೆ. 12ನೇ ಶತಮಾನದ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳದ್ದು. ಸಿಂಹ ಬರೀ ಅಲಂಕಾರ. ಆನೆಗಳು ಮಾತ್ರ ನಮ್ಮವೇ: ಉಬ್ಬಿದ ನೆತ್ತಿ, ಬಾಗಿದ ಬೆನ್ನು. ಆ ಶಿಲ್ಪಿಗಳು ಆನೆಯ ಪಕ್ಕ ನಿಂತವರು, ನಾನು ಮಾನಿಟರ್ ಮುಂದೆ ಕೂತವನು.

ನಮ್ಮ ವನ್ಯಜೀವಿ ಚಿತ್ರಗಳಲ್ಲಿ ಬೇಲಿಯೂ ಇಲ್ಲ, ಮನುಷ್ಯನೂ ಇಲ್ಲ. ಬೇಲೂರು, ಆಲೂರು, ಸಕಲೇಶಪುರದ ಆನೆಗಳು ಓಡಾಡೋದು ಕಾಫಿಗಿಡಗಳ ನಡುವೆ, ಕೂಲಿಗೆ ಹೋಗುವವರ ದಾರಿಯಲ್ಲಿ. 8 ಸಲ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತಿದ್ದೂ ಯಸಳೂರಿನ ಹತ್ತಿರ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅವನನ್ನು ಅಂಬಾರಿ ಸಮೇತ ಬರೆಯೋದು ಸುಲಭ. ಆ ಕಾಡಾನೆಯ ಎದುರು ನಿಂತವನನ್ನು ಬರೆಯೋಕೆ ನನಗಂತೂ ಧೈರ್ಯ ಬಂದಿಲ್ಲ. ಆದರೆ ಬರೆಯಬೇಕಾದ್ದು ಅದನ್ನೇ ಅಂತ ನನ್ನ ವಾದ.

ಸದ್ಯಕ್ಕೆ ಹೊಸ ಕ್ಯಾನ್ವಾಸಿನಲ್ಲಿ ಸಿಲ್ವರ್ ಓಕ್ ಮರಗಳು ನಿಂತಿವೆ. "ರಾತ್ರಿ ಹೊತ್ತು ಆನೆ ಯಾವ ಬಣ್ಣ ಕಾಣುತ್ತೆ ಮಾವ?" ಅಂತ ಫೋನಿನಲ್ಲಿ ಕೇಳಿದೆ.

"ಬಣ್ಣ ನೋಡ್ಕೊಂಡು ನಿಲ್ಲೋರು ಯಾರೋ ಮಾರಾಯ, ಮನೆ ಸೇರ್ಕೋತೀವಿ!"