ಬ್ಯಾಗು ಎತ್ತುವವರು ಯಾರು?

ಪ್ರಯಾಣ ನಿಶ್ಚಯವಾದೊಡನೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, 'ದೊಡ್ಡ ಬ್ಯಾಗೊಂದು ಬೇಕು' ಎಂಬುದು. ಆದರೆ ಅಂಗಡಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ದಾರಿಯಲ್ಲಿ ಇದನ್ನು ಎಷ್ಟು ಸಲ ಎತ್ತಬೇಕು? ಎತ್ತುವವರು ಯಾರು?

ಎರಡು ದಿನದ ಮದುವೆಗೆ ಬಸ್ಸಿನಲ್ಲಿ ಹೋಗುವವರಿಗೆ ಚಕ್ರದ ಸೂಟ್‌ಕೇಸಿಗಿಂತ ಬಟ್ಟೆಯ ಬ್ಯಾಗೇ ಅನುಕೂಲ. ಅದು ಸೀಟಿನಡಿಗೂ ತೂರುತ್ತದೆ. ಪುಟ್ಟ ಮಗುವಿರುವ ತಾಯಿ ಬೆನ್ನಿಗೆ ಹಾಕುವ ಚೀಲ ಆರಿಸಿಕೊಳ್ಳಲಿ. ಆಗ ಎರಡು ಕೈಗಳೂ ಮಗುವಿಗೆ ಸಿಗುತ್ತವೆ.

ರೈಲಿನಲ್ಲಿ ಸ್ಲೀಪರ್ ಟಿಕೆಟಿಗೆ 40 ಕಿಲೋವರೆಗೆ ಸಾಮಾನು ಉಚಿತ. ಹಾಗೆಂದು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಬೇಡಿ. ಬರ್ತಿನ ಅಡಿಯಲ್ಲಿ ಹಿಡಿಯುವ ಎರಡು ಮಧ್ಯಮ ಬ್ಯಾಗುಗಳು ಲೇಸು. ಸರಪಳಿಯಿಂದ ಬರ್ತಿಗೆ ಕಟ್ಟಿ ಬೀಗ ಹಾಕಿದರೆ ನಿಶ್ಚಿಂತೆಯಿಂದ ಮಲಗಬಹುದು.

ವಿಮಾನದಲ್ಲಿ ಖಾಲಿ ಬ್ಯಾಗಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ಸಾಮಾನ್ಯ ಟಿಕೆಟಿಗೆ ಸಿಗುವುದು 15 ಕಿಲೋ, ಕೈಯಲ್ಲಿ 7 ಕಿಲೋ. 28 ಇಂಚಿನ ಗಟ್ಟಿ ಸೂಟ್‌ಕೇಸ್ ಏನೂ ತುಂಬದೆಯೇ ನಾಲ್ಕೈದು ಕಿಲೋ ತೂಗುತ್ತದೆ. ಆದ್ದರಿಂದ ಕೊಳ್ಳುವಾಗ ಬಣ್ಣ ನೋಡುವ ಮೊದಲು ಎತ್ತಿ ನೋಡಿ, ಝಿಪ್ಪನ್ನು ನಾಲ್ಕು ಸಲ ಎಳೆದು ನೋಡಿ. ಔಷಧಿ, ಕಾಗದಪತ್ರ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಗಲ್ಫ್‌ಗೆ ಹೋಗುವವರು ಇನ್ನೊಬ್ಬರ ಪೊಟ್ಟಣವನ್ನು ಬಿಚ್ಚಿ ನೋಡದೆ ಒಳಗಿಡಬಾರದು. ನಮ್ಮ ಅಡುಗೆಮನೆಯ ಗಸಗಸೆ ಕೂಡಾ ಸೌದಿ ಅರೇಬಿಯಾ, ಯುಎಇಗಳಲ್ಲಿ ನಿಷಿದ್ಧ. ಸಿಕ್ಕಿಬಿದ್ದರೆ ಉತ್ತರಿಸಬೇಕಾದವರು ಬ್ಯಾಗು ಹೊತ್ತವರೇ.

ಇದೇ ಪ್ರಶ್ನೆ ಅತ್ಯಂತ ಮುಖ್ಯವಾಗುವುದು ಹಜ್ಜ್ ಯಾತ್ರೆಯಲ್ಲಿ. ಜೀವಮಾನವಿಡೀ ಕೂಡಿಟ್ಟು, ಅರುವತ್ತು ದಾಟಿದ ಮೇಲೆ ಹೊರಡುವವರು ನಮ್ಮಲ್ಲಿ ಬಹಳ. ಮಕ್ಕಳು ಅಕ್ಕರೆಯಿಂದ ದುಬಾರಿ ಸೂಟ್‌ಕೇಸ್ ತಂದುಕೊಡುತ್ತಾರೆ. ಅದು ಮಕ್ಕಾದ ಕೋಣೆಯಲ್ಲೇ ಉಳಿಯುತ್ತದೆ. ದುಲ್‌ಹಜ್ಜ್ 8ರಿಂದ ಮಿನಾ, ಅರಫಾ, ಮುಝ್ದಲಿಫಾಗಳಲ್ಲಿ ಜೊತೆಗಿರುವುದು ಬೆನ್ನಿನ ಪುಟ್ಟ ಚೀಲ ಮಾತ್ರ. ನಿಜವಾಗಿ ಯೋಚಿಸಿ ಕೊಳ್ಳಬೇಕಾದದ್ದು ಅದನ್ನು. ಅಗಲವಾದ, ಮೆತ್ತನೆಯ ಪಟ್ಟಿಗಳಿರಲಿ. ಹೊರಗೆ ನೀರಿನ ಬಾಟಲಿಗೆ ಜಾಗವಿರಲಿ. ಒಳಗೆ ಇನ್ನೊಂದು ಜೊತೆ ಇಹ್ರಾಮ್, ಸುವಾಸನೆಯಿಲ್ಲದ ಸಾಬೂನು, ಆ ದಿನಗಳಿಗೆ ಸಾಕಾಗುವ ಔಷಧಿ, ಮುಝ್ದಲಿಫಾದ ಬಯಲಲ್ಲಿ ರಾತ್ರಿ ಕಳೆಯಲು ತೆಳ್ಳನೆಯ ಚಾಪೆ ಇದ್ದರೆ ಸಾಕು. ಕಲ್ಲುಗಳಿಗೆ ಒಂದು ಬಟ್ಟೆಯ ಸಂಚಿ ಹೊಲಿದುಕೊಡಿ. 12ರಂದು ಮಿನಾದಿಂದ ಮರಳುವವರಿಗೆ 49, 13ರವರೆಗೆ ಉಳಿಯುವವರಿಗೆ 70 ಕಲ್ಲುಗಳು ಬೇಕು. ಪುರುಷರ ಇಹ್ರಾಮಿಗೆ ಜೇಬಿಲ್ಲ. ಹಣ, ಗುರುತುಚೀಟಿಗೆ ಸೊಂಟದ ಬೆಲ್ಟ್ ಬೇಕು.

ಚೀಲ ತುಂಬಿಸಿದ ಮೇಲೆ ಅದನ್ನು ಹೊತ್ತುಕೊಂಡು ಕೆಲವು ದಿನ ನಡೆದು ನೋಡುವಂತೆ ತಂದೆತಾಯಿಗೆ ಹೇಳಿ. ಭುಜ ನೋಯುವುದಾದರೆ ಊರಲ್ಲೇ ತಿಳಿಯಲಿ. ಏನನ್ನು ತೆಗೆದಿಡಬೇಕೆಂದು ಅವರೇ ಹೇಳುತ್ತಾರೆ.

ಇನ್ನೊಬ್ಬರ ಸಾಮಾನನ್ನು ಸವಾರಿಗೆ ಏರಿಸಿಕೊಡುವುದನ್ನೂ ಪ್ರವಾದಿ(ಸ)ಯವರು ದಾನವೆಂದು ಕಲಿಸಿದ್ದಾರೆ. ನಮ್ಮ ಬ್ಯಾಗು ಹಗುರವಾಗಿದ್ದರೆ, ಪಕ್ಕದ ಅಜ್ಜಿಯ ಬ್ಯಾಗಿಗೂ ಒಂದು ಕೈ ಕೊಡಬಹುದು.